ಚಿಂಬೊರಾಸೊ: ರಸ್ತೆ ಇದ್ದ ಮಾತ್ರಕ್ಕೆ ಸುಲಭವಲ್ಲ

ಮಾನ್ಯ ಸಂಪಾದಕರೆ,

ತಮ್ಮ ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ಈಕ್ವೆಡಾರ್ ದೇಶದ ಚಿಂಬೊರಾಸೊ ಪರ್ವತದ ಬಗ್ಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆದರೆ ವಾಹನವು ಸುಮಾರು 4,800 ಮೀಟರ್ ಎತ್ತರದ ಕ್ಯಾರೆಲ್ ತಂಗುದಾಣದವರೆಗೆ ಹೋಗುವುದರಿಂದ ಉಳಿದದ್ದು ಒಂದು ರಾತ್ರಿಯ ಕೆಲಸವಷ್ಟೇ ಎಂದು ಅದರಲ್ಲಿ ಬರೆದಿರುವುದನ್ನು, ಆ ಪರ್ವತವನ್ನು ಹತ್ತಿ ಇಳಿದವನಾಗಿ ನಾನು ಒಪ್ಪಲಾರೆ.

ಸಮಭಾಜಕ ವೃತ್ತದ ಬಳಿ ಭೂಮಿ ಉಬ್ಬಿರುವುದರಿಂದ, ಭೂಕೇಂದ್ರದಿಂದ ಅಳೆದರೆ ಚಿಂಬೊರಾಸೊದ ತುದಿ ಎವರೆಸ್ಟ್‌ಗಿಂತ 2 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ ಎಂಬುದು ನಿಜ. ಆದರೆ ಹತ್ತುವವರಿಗೆ ಮುಖ್ಯವಾಗುವುದು ಸಮುದ್ರಮಟ್ಟದಿಂದ ಅದರ ಎತ್ತರವಾದ 6,263 ಮೀಟರ್. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. 1802ರಲ್ಲಿ ಜರ್ಮನ್ ವಿಜ್ಞಾನಿ ಹಂಬೋಲ್ಟ್ ಮತ್ತು ಸಂಗಡಿಗರು ವಸಡು, ತುಟಿಗಳಲ್ಲಿ ರಕ್ತ ಒಸರುತ್ತ ಶಿಖರ ಮುಟ್ಟದೆಯೇ ಹಿಂದಿರುಗಿದರು. ಇಂಗ್ಲೆಂಡಿನ ಪರ್ವತಾರೋಹಿ ಎಡ್ವರ್ಡ್ ವಿಂಪರ್ ಅವರು ಇಟಲಿಯ ಕ್ಯಾರೆಲ್ ಬಂಧುಗಳಿಬ್ಬರೊಡನೆ ತುದಿ ತಲುಪಿದ್ದು 1880ರಲ್ಲಿ.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದೆಂದು ವೈದ್ಯರು ಹೇಳುತ್ತಾರೆ. 2,850 ಮೀಟರ್ ಎತ್ತರದ ಕಿಟೊ ನಗರದಿಂದ ಅರ್ಧ ದಿನದಲ್ಲಿ ತಂಗುದಾಣಕ್ಕೆ ಒಯ್ದು ಬಿಡುವ ಆ ರಸ್ತೆಯೇ ಈ ನಿಯಮವನ್ನು ಮುರಿಸುತ್ತದೆ. ಬಲ್ಲವರು ಮೊದಲು ಅದೇ ದೇಶದ ಪಿಚಿಂಚಾ, ಇಲಿನಿಸಾ, ಕಯಾಂಬೆ ಪರ್ವತಗಳಲ್ಲಿ ದಿನಗಳನ್ನು ಕಳೆದು, ಮೈ ಒಗ್ಗಿದ ಮೇಲೆ ಇತ್ತ ಬರುತ್ತಾರೆ.

ಲೇಖನವು ಮುಟ್ಟದೆ ಬಿಟ್ಟ ಇನ್ನೊಂದು ಸಂಗತಿ ಬಿಸಿಲಿನದು. ಉಷ್ಣವಲಯದ ಸೂರ್ಯ ಬೆಳಗಾದ ಸ್ವಲ್ಪ ಹೊತ್ತಿಗೇ ನೆತ್ತಿಯತ್ತ ಏರುವುದರಿಂದ, ಇರುಳು ಕಲ್ಲುಗಳನ್ನು ಹಿಡಿದಿಟ್ಟಿದ್ದ ಮಂಜುಗಡ್ಡೆ ಸಡಿಲವಾಗಿ ಅವು ಉರುಳತೊಡಗುತ್ತವೆ. ಮಧ್ಯರಾತ್ರಿಯ ಸುಮಾರಿಗೆ ಹೊರಡುವುದು ಇದಕ್ಕಾಗಿಯೇ ಹೊರತು ಸೂರ್ಯೋದಯದ ಚಿತ್ರ ತೆಗೆಯಲಿಕ್ಕಲ್ಲ. 'ಎಲ್ ಕೊರ್ರೆಡೋರ್' ಎನ್ನುವ ಇಳಿಜಾರಿನ ಅಂಚಿನಲ್ಲಿ ನಮ್ಮ ಮಾರ್ಗದರ್ಶಿ ಎಲ್ಲರನ್ನೂ ನಿಲ್ಲಿಸಿ, ಮಾತನಾಡಗೊಡದೆ, ಮೇಲಿನ ಕತ್ತಲೆಗೆ ಕಿವಿಗೊಟ್ಟು, ಆಮೇಲೆ ಎಲ್ಲಿಯೂ ನಿಲ್ಲದೆ ದಾಟಿಸಿದರು. ಕಾಲ ಕೆಳಗಿನ ಮಂಜುಗಡ್ಡೆಯಲ್ಲಿ ಹಿಂದೆ ಬಿದ್ದ ಕಲ್ಲುಗಳು ಹೂತು ಕುಳಿತಿದ್ದವು. ಮೇಲೆ, ಬಿಸಿಲೇ ಕಡೆದು ನಿಲ್ಲಿಸಿದ ಮೊಣಕಾಲೆತ್ತರದ ಹಿಮದ ಅಲಗುಗಳ ನಡುವೆ ಪ್ರತಿ ಹೆಜ್ಜೆಯನ್ನೂ ಹುಡುಕಿ ಇಡಬೇಕಾಯಿತು. ಇದೇ ಪರ್ವತದಲ್ಲಿ 1993ರ ಹಿಮಕುಸಿತಕ್ಕೆ 10 ಮಂದಿ ಬಲಿಯಾದರು. 2021ರಲ್ಲಿ ಮತ್ತೆ ಕನಿಷ್ಠ ಮೂವರು.

ನಮ್ಮ ಯುವಕ ಯುವತಿಯರು ಆಂಡಿಸ್‌ಗೆ ಹೋಗಬಾರದೆಂದು ನನ್ನ ಅಭಿಪ್ರಾಯವಲ್ಲ. ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿಯುವ ಕಸುವು ಇದ್ದರೂ ಬೂಟಿಗೆ ಕಟ್ಟುವ ಉಕ್ಕಿನ ಮುಳ್ಳುಗಳಾದ ಕ್ರಾಂಪಾನ್ ತೊಟ್ಟು ನಡೆಯುವುದನ್ನು, ಜಾರಿದಾಗ ಐಸ್ ಆಕ್ಸ್ ಎಂಬ ಹಿಮಗೊಡಲಿ ಊರಿ ನಿಲ್ಲುವುದನ್ನು ಬೇರೆಯಾಗಿಯೇ ಕಲಿಯಬೇಕು. ಹಿಮಶಿಖರಗಳಿಗೆ ಪರವಾನಗಿ ಪಡೆದ ಮಾರ್ಗದರ್ಶಿಯನ್ನು ಈಕ್ವೆಡಾರ್ ಕಡ್ಡಾಯ ಮಾಡಿದೆ ಎಂಬುದೂ ಲೇಖನದಲ್ಲಿಲ್ಲ. ಮುಂದಿನ ಪುರವಣಿಯಲ್ಲಿ ಈ ವಿವರಗಳನ್ನು, ತುದಿ ಸಿಗಲಿ ಬಿಡಲಿ ಹಿಂದಿರುಗಲೇಬೇಕಾದ ಹೊತ್ತನ್ನು ಮೊದಲೇ ಗೊತ್ತುಮಾಡಿಕೊಂಡು ಹೊರಡಬೇಕೆಂಬ ಮಾತಿನೊಂದಿಗೆ, ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಒಬ್ಬ ಪರ್ವತಾರೋಹಿ, ಮೈಸೂರು