ಚಿ. ಸುಹಾಸನಿಗೆ: ಅದು ‘ಬರೀ ಗವರ್ನರ್ ಎಲೆಕ್ಷನ್’ ಅಲ್ಲ ಕಣೋ

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಪ್ರಮಾಣವಚನ ತೆಗೆದುಕೊಂಡು ಅಮೆರಿಕದ ಪ್ರಜೆಯಾದ ಸುದ್ದಿ ಬಂತು. ಎಲ್ಲರಿಗೂ ಸಂತೋಷ. ಆದರೆ ಅದರ ಬೆನ್ನಿಗೇ ನೀನು ಬರೆದ ಒಂದು ಸಾಲು ನನ್ನ ಮನಸ್ಸಿನಲ್ಲೇ ಕೂತುಬಿಟ್ಟಿದೆ: “ಪ್ರೆಸಿಡೆಂಟ್ ಚುನಾವಣೆ ಇರೋದು 2028ಕ್ಕೆ, ಅಷ್ಟರೊಳಗೆ ಹೆಸರು ಸೇರಿಸಿದರಾಯಿತು. ಈ ನವೆಂಬರಿನದು ಬರೀ ಗವರ್ನರ್ ಎಲೆಕ್ಷನ್.” ಆ ‘ಬರೀ’ ಅನ್ನುವ ಮಾತಿಗಾಗಿಯೇ ಈ ಪತ್ರ.

ಗವರ್ನರ್ ಅಂದಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ರಾಜಭವನ. ನಮ್ಮ ರಾಜ್ಯಪಾಲರನ್ನು ಸಂವಿಧಾನದ 155ನೇ ವಿಧಿಯಂತೆ ರಾಷ್ಟ್ರಪತಿಗಳು ನೇಮಿಸುತ್ತಾರೆ. ಜನ ಆರಿಸುವುದಿಲ್ಲ. ನಿಮ್ಮಲ್ಲಿ ಹೆಸರಷ್ಟೇ ಒಂದು, ಹುದ್ದೆ ಬೇರೆ. ಜನರೇ ನೇರವಾಗಿ ಆರಿಸಿದ, ನಮ್ಮ ಮುಖ್ಯಮಂತ್ರಿಯಂತೆ ಇಡೀ ಆಡಳಿತ ನಡೆಸುವ, ಜೊತೆಗೆ ಶಾಸಕರು ಪಾಸು ಮಾಡಿದ ಮಸೂದೆಯನ್ನು ವೀಟೋ ಮಾಡಿ ತಳ್ಳಿಹಾಕಬಲ್ಲ ಮನುಷ್ಯ ಅವರು. ಇನ್ನೊಂದು ವ್ಯತ್ಯಾಸ ಇದಕ್ಕಿಂತಲೂ ದೊಡ್ಡದು. ಇಲ್ಲಿ ಲೋಕಸಭೆಗಾಗಲಿ ವಿಧಾನಸಭೆಗಾಗಲಿ, ಮತದಾರರ ಪಟ್ಟಿ ಮಾಡುವುದರಿಂದ ಹಿಡಿದು ಎಣಿಕೆಯವರೆಗೆ ಒಂದೇ ಚುನಾವಣಾ ಆಯೋಗ. ಬಿಎಲ್‌ಒ ಮನೆಬಾಗಿಲಿಗೆ ಬಂದು ಯಾರಿದ್ದಾರೆ, ಯಾರಿಲ್ಲ ಎಂದು ಕೇಳಿ ಬರೆದುಕೊಂಡು ಹೋಗುತ್ತಾರೆ. ಅಮೆರಿಕದಲ್ಲಿ ಇಡೀ ದೇಶದ ಚುನಾವಣೆ ನಡೆಸುವ ಅಂಥ ಆಯೋಗವೇ ಇಲ್ಲ. ಅಲ್ಲಿನ ಸಂವಿಧಾನ ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ, ಚುನಾವಣೆಯ ದಿನ, ಜಾಗ, ವಿಧಾನ ಎಲ್ಲವನ್ನೂ ಮೊದಲು ರಾಜ್ಯಗಳ ಕೈಗೇ ಕೊಟ್ಟಿದೆ. ಕಾಂಗ್ರೆಸ್ ಬೇಕಾದರೆ ಬದಲಾಯಿಸಬಹುದು, ಅಷ್ಟೆ. ಹಾಗಾಗಿ ನಾರ್ತ್ ಡಕೋಟದಲ್ಲಿ ಮತದಾರರ ನೋಂದಣಿಯೇ ಇಲ್ಲ, ನಿನ್ನ ಟೆಕ್ಸಾಸಿನಲ್ಲಿ ಮತದಾನಕ್ಕೆ 30 ದಿನ ಮೊದಲೇ ಬಾಗಿಲು ಮುಚ್ಚುತ್ತದೆ. ಶಾಸಕರು ಪಾಸು ಮಾಡುವ ಇಂಥ ನಿಯಮ ಕಾನೂನಾಗುವ ಮುಂಚೆ ಸಾಮಾನ್ಯವಾಗಿ ಗವರ್ನರ್ ಮೇಜಿಗೆ ಬರುತ್ತದೆ.

ಆ ಮೇಜಿನ ಮೇಲಿನ ಒಂದು ಸಹಿ ಏನು ಮಾಡುತ್ತದೆ ಅನ್ನುವುದಕ್ಕೆ ಕೆಂಟಕಿಯನ್ನು ನೋಡು. ಅಲ್ಲಿ ಗಂಭೀರ ಅಪರಾಧಕ್ಕೆ ಶಿಕ್ಷೆಯಾದವರು, ಜೈಲುವಾಸ ಮುಗಿಸಿ ಬಂದರೂ, ಗವರ್ನರ್ ಮನಸ್ಸು ಮಾಡದ ಹೊರತು ಸಾಯುವವರೆಗೆ ಮತ ಹಾಕುವಂತಿಲ್ಲ. ರಾಜ್ಯದ ಸಂವಿಧಾನದಲ್ಲೇ ಹಾಗಿದೆ. 2015ರ ನವೆಂಬರಿನಲ್ಲಿ ಡೆಮೊಕ್ರಾಟ್ ಗವರ್ನರ್ ಸ್ಟೀವ್ ಬೆಶಿಯರ್, ಅಧಿಕಾರ ಬಿಡುವ ಮುನ್ನ, ಹಿಂಸೆಯಿಲ್ಲದ ಅಪರಾಧಗಳಿಗೆ ಶಿಕ್ಷೆ ಪೂರೈಸಿದವರಿಗೆ ಮತದ ಹಕ್ಕು ಮರಳಿಸುವ ಆದೇಶ ಹೊರಡಿಸಿದರು. ಮುಂದಿನ ತಿಂಗಳೇ ಹೊಸ ರಿಪಬ್ಲಿಕನ್ ಗವರ್ನರ್ ಮ್ಯಾಟ್ ಬೆವಿನ್ ಅದನ್ನು ರದ್ದು ಮಾಡಿದರು. ನಾಲ್ಕು ವರ್ಷ ಹಾಗೇ ಹೋಯಿತು. 2019ರ ಚುನಾವಣೆಯಲ್ಲಿ ಬೆವಿನ್ ಸೋತರು, ಸ್ಟೀವ್ ಅವರ ಮಗ ಆ್ಯಂಡಿ ಬೆಶಿಯರ್ ಗೆದ್ದರು. ಅಧಿಕಾರಕ್ಕೆ ಬಂದ ಮೂರನೇ ದಿನ, ಡಿಸೆಂಬರ್ 12ಕ್ಕೆ, ಹೊಸ ಆದೇಶಕ್ಕೆ ಸಹಿ ಬಿತ್ತು: 1,40,000ಕ್ಕೂ ಹೆಚ್ಚು ಜನರಿಗೆ ಮತದ ಹಕ್ಕು ವಾಪಸು. ಗೆಲುವಿನ ಅಂತರ ಎಷ್ಟಿತ್ತು ಗೊತ್ತೇ? 14 ಲಕ್ಷಕ್ಕೂ ಹೆಚ್ಚು ಮತಗಳಲ್ಲಿ 5,136. ನಮ್ಮ ಊರಿನಂಥ ನಾಲ್ಕು ಊರಿನ ಜನ ಆ ದಿನ ಮನೆಯಲ್ಲೇ ಉಳಿದಿದ್ದರೆ, ಒಂದೂವರೆ ಲಕ್ಷದಷ್ಟು ಜನರ ಹಕ್ಕು ಹಾಗೇ ಕಪಾಟಿನೊಳಗೆ ಉಳಿಯುತ್ತಿತ್ತು.

ಇದು ಒಂದು ಪಕ್ಷದವರ ಒಳ್ಳೆಯತನದ ಕಥೆಯೆಂದು ತಿಳಿಯಬೇಡ. ಅಯೋವದಲ್ಲಿ ಇಂಥದೇ ಆದೇಶವನ್ನು 2005ರಲ್ಲಿ ಡೆಮೊಕ್ರಾಟ್ ಗವರ್ನರ್ ಹೊರಡಿಸಿದರು, 2011ರಲ್ಲಿ ರಿಪಬ್ಲಿಕನ್ ಗವರ್ನರ್ ರದ್ದು ಮಾಡಿದರು, 2020ರಲ್ಲಿ ಕಿಮ್ ರೆನಾಲ್ಡ್ಸ್ ಎಂಬ ರಿಪಬ್ಲಿಕನ್ ಗವರ್ನರೇ ಮತ್ತೆ ಕೊಟ್ಟರು. ಅರಿಜೋನದ್ದು ಇನ್ನೂ ಸ್ಪಷ್ಟ. 2020ರ ನವೆಂಬರ್ 30ರಂದು, ಬೈಡನ್ 10,457 ಮತಗಳಿಂದ ಗೆದ್ದ ಫಲಿತಾಂಶಕ್ಕೆ ರಿಪಬ್ಲಿಕನ್ ಗವರ್ನರ್ ಡಗ್ ಡ್ಯೂಸಿ ಟಿವಿ ಕ್ಯಾಮೆರಾಗಳ ಮುಂದೆ ಸಹಿ ಹಾಕುತ್ತ ಕೂತಿದ್ದಾಗ ಜೇಬಿನ ಫೋನು ಹೊಡೆದುಕೊಂಡಿತು. ಶ್ವೇತಭವನದ ಕರೆಗೆಂದೇ ಅವರು ಇಟ್ಟುಕೊಂಡಿದ್ದ ರಿಂಗ್‌ಟೋನ್ ಅದು. ಫೋನು ತೆಗೆದು ನೋಡಿ ಪಕ್ಕಕ್ಕಿಟ್ಟು ಸಹಿ ಮುಂದುವರಿಸಿದರು. ಆಮೇಲೆ 2022ರ ಡಿಸೆಂಬರಿನಲ್ಲಿ ಬಂದ ಕಾನೂನು ಈ ಹೊಣೆಯನ್ನು ಇನ್ನಷ್ಟು ಬಿಗಿ ಮಾಡಿದೆ: ರಾಜ್ಯದ ಕಾನೂನು ಬೇರೆಯವರನ್ನು ಮೊದಲೇ ಹೆಸರಿಸಿರದಿದ್ದರೆ, ಅಧ್ಯಕ್ಷರ ಚುನಾವಣೆಯ ಎಲೆಕ್ಟರ್‌ಗಳು (ರಾಜ್ಯದ ಪರವಾಗಿ ಅಧ್ಯಕ್ಷರಿಗೆ ಮತ ಹಾಕುವ ಪ್ರತಿನಿಧಿಗಳು) ಯಾರೆಂದು ದೃಢೀಕರಿಸಿ ಕಳಿಸಬೇಕಾದವರು ಗವರ್ನರೇ, ಅದೂ ಎಲೆಕ್ಟರ್‌ಗಳು ಸೇರುವುದಕ್ಕೆ ಆರು ದಿನ ಮುಂಚೆ. ನೀನು 2028ಕ್ಕೆ ಕಾಯುತ್ತೇನೆ ಅನ್ನುತ್ತೀಯಲ್ಲ, ಆ 2028ರ ಕಾಗದಕ್ಕೆ ಟೆಕ್ಸಾಸಿನಿಂದ ಸಹಿ ಹಾಕುವವರನ್ನು ಆರಿಸುವುದು ಈ 2026ರಲ್ಲೇ.

ಈಗ ನಿನ್ನ ರಾಜ್ಯದ ವಿಷಯ. ಟೆಕ್ಸಾಸಿನಲ್ಲಿ ಗವರ್ನರ್ ಕೈ ಉಳಿದ ಎಷ್ಟೋ ರಾಜ್ಯಗಳಿಗಿಂತ ಬಲವಾಗಿದೆ, ಯಾಕೆ ಅಂತ ಹೇಳುತ್ತೇನೆ. ಜಾರ್ಜಿಯ, ಮಿಷಿಗನ್, ಅರಿಜೋನಗಳಲ್ಲಿ ಚುನಾವಣೆ ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಅವರನ್ನು ಜನ ಬೇರೆಯಾಗಿ ಆರಿಸುತ್ತಾರೆ. ನಿನ್ನ ಬ್ಯಾಲಟ್‌ನಲ್ಲಿ ಆ ಹುದ್ದೆ ಹುಡುಕಿದರೂ ಸಿಗದು. ಅವರನ್ನು ಗವರ್ನರ್ ನೇಮಿಸುತ್ತಾರೆ, ಸೆನೆಟ್ ಒಪ್ಪುತ್ತದೆ. ಮಿಷಿಗನ್, ಫ್ಲೋರಿಡಗಳಲ್ಲಿ ಜನ ಸಹಿ ಸಂಗ್ರಹಿಸಿ ಮತದ ಹಕ್ಕಿನ ಪ್ರಶ್ನೆಯನ್ನು ನೇರ ಬ್ಯಾಲಟ್‌ಗೆ ತಂದು ಗೆಲ್ಲಿಸಿದ್ದಾರೆ. ಟೆಕ್ಸಾಸಿನಲ್ಲಿ ಆ ದಾರಿಯೇ ಇಲ್ಲ. ಶಾಸಕಾಂಗ ಎರಡು ವರ್ಷಕ್ಕೊಮ್ಮೆ 140 ದಿನ ಸೇರುತ್ತದೆ. ಕೊನೆಯಲ್ಲಿ ಪಾಸಾದ ಮಸೂದೆಗೆ ಗವರ್ನರ್ ವೀಟೋ ಹಾಕುವ ಹೊತ್ತಿಗೆ ಶಾಸಕರು ಮನೆ ಸೇರಿರುತ್ತಾರೆ. ವೀಟೋ ಮುರಿಯಲು ಎರಡೂ ಸದನಗಳಲ್ಲಿ ಮೂರನೇ ಎರಡು ಭಾಗ ಬೇಕು, 1979ರಿಂದೀಚೆಗೆ ಒಮ್ಮೆಯೂ ಹಾಗಾಗಿಲ್ಲ. ವಿಶೇಷ ಅಧಿವೇಶನ ಕರೆಯುವುದು ಗವರ್ನರ್ ಒಬ್ಬರೇ, ಅದರಲ್ಲಿ ಏನು ಚರ್ಚೆಯಾಗಬೇಕೆಂದು ಬರೆಯುವುದೂ ಅವರೇ. 2021ರಲ್ಲಿ ಚುನಾವಣಾ ಮಸೂದೆಯನ್ನು ತಡೆಯಲು ಡೆಮೊಕ್ರಾಟ್ ಶಾಸಕರು ವಿಮಾನ ಹತ್ತಿ ವಾಷಿಂಗ್ಟನ್‌ಗೆ ಹೋಗಿ ಕೋರಂ ಮುರಿದರು. ಗವರ್ನರ್ ಗ್ರೆಗ್ ಅಬಾಟ್ ಮತ್ತೆ ಅಧಿವೇಶನ ಕರೆದರು; ಮಸೂದೆ ಪಾಸಾಯಿತು, ಸೆಪ್ಟೆಂಬರ್ 7ಕ್ಕೆ ಸಹಿಯಾಯಿತು. 2025ರಲ್ಲಿ ಜನಗಣತಿಗೆ ಕಾಯದೆ ಕ್ಷೇತ್ರಗಳ ಗಡಿ ಮತ್ತೆ ಎಳೆದದ್ದೂ ಇದೇ ದಾರಿಯಲ್ಲಿ.

ಮಸೂದೆಯೇ ಬೇಡ, ಬರೀ ಆದೇಶ ಸಾಕು ಅನ್ನುವುದಕ್ಕೂ ಉದಾಹರಣೆ ಅಲ್ಲೇ ಇದೆ. 2020ರ ಅಕ್ಟೋಬರ್ 1ರಂದು ಅಬಾಟ್ ಅವರ ಆದೇಶ ಬಂತು: ಅಂಚೆ ಮತಪತ್ರವನ್ನು ಕೈಯಾರೆ ಒಪ್ಪಿಸಲು ಒಂದು ಕೌಂಟಿಗೆ (ನಮ್ಮ ಜಿಲ್ಲೆಯಂಥದು) ಒಂದೇ ಜಾಗ. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ 47 ಲಕ್ಷ ಜನ. 12 ಕಡೆ ಇದ್ದದ್ದು ಒಂದಕ್ಕೆ ಇಳಿಯಿತು. ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು: ಅದೇ ವರ್ಷ ಮುಂಗಡ ಮತದಾನವನ್ನು ಆರು ದಿನ ಹೆಚ್ಚಿಸಿದ್ದೂ ಅವರದೇ ಆದೇಶ.

ಮೊದಲು ಇಂಥದಕ್ಕೆಲ್ಲ ಕೇಂದ್ರದ ಒಂದು ಕಾವಲಿತ್ತು. 1965ರ ಮತದಾನ ಹಕ್ಕು ಕಾಯ್ದೆಯ ಪ್ರಕಾರ, ಭೇದಭಾವದ ಇತಿಹಾಸವಿದ್ದ ರಾಜ್ಯಗಳು ಚುನಾವಣಾ ನಿಯಮ ಬದಲಿಸುವ ಮುಂಚೆ ವಾಷಿಂಗ್ಟನ್ನಿನ ಒಪ್ಪಿಗೆ ಪಡೆಯಬೇಕಿತ್ತು. ಟೆಕ್ಸಾಸ್ ಕೂಡ ಆ ಪಟ್ಟಿಯಲ್ಲಿತ್ತು. 2013ರ ಜೂನ್ 25ರಂದು ಸುಪ್ರೀಂ ಕೋರ್ಟು, ಅಲಬಾಮದ ಶೆಲ್ಬಿ ಕೌಂಟಿಯ ಮೊಕದ್ದಮೆಯಲ್ಲಿ, ಯಾವ ರಾಜ್ಯಗಳಿಗೆ ಅದು ಅನ್ವಯ ಅನ್ನುವ ಸೂತ್ರವನ್ನೇ ಹೊಡೆದುಹಾಕಿತು. ತಡೆಹಿಡಿದಿದ್ದ ಫೋಟೊ ಐಡಿ ಕಾನೂನನ್ನು ಜಾರಿಗೆ ತರುತ್ತೇವೆಂದು ಟೆಕ್ಸಾಸ್ ಅವತ್ತೇ ಘೋಷಿಸಿತು. ಆ ಕಾವಲು ಹೋದ ಮೇಲೆ, ಕೋರ್ಟಿಗೆ ಹೋಗುವ ಮುಂಚಿನ ಕೊನೆಯ ತಡೆ ಅಂದರೆ ಗವರ್ನರ್ ಪೆನ್ನು.

ನಿನಗೆ ನೇರವಾಗಿ ತಟ್ಟುವ ಸಂಗತಿ ಒಂದಿದೆ, ಇದನ್ನು ನಿಧಾನವಾಗಿ ಓದು. 2019ರ ಜನವರಿಯಲ್ಲಿ ಟೆಕ್ಸಾಸಿನ ಹಂಗಾಮಿ ಸೆಕ್ರೆಟರಿ ಆಫ್ ಸ್ಟೇಟ್, ಗವರ್ನರ್ ನೇಮಿಸಿದವರು, ಸುಮಾರು 95,000 ಮತದಾರರು ‘ಪ್ರಜೆಗಳಲ್ಲದಿರಬಹುದು’ ಎಂದು ಪಟ್ಟಿ ಮಾಡಿ ಕೌಂಟಿಗಳಿಗೆ ಕಳಿಸಿದರು. ಪಟ್ಟಿ ಮಾಡಿದ್ದು ಡ್ರೈವಿಂಗ್ ಲೈಸೆನ್ಸ್ ಕೊಡುವ ಡಿಪಿಎಸ್ ಕಚೇರಿಯ ದಾಖಲೆಯಿಂದ. ಅದರ ಲೋಪ ಎಲ್ಲಿತ್ತು ನೋಡು. ಎಚ್-1ಬಿ ವೀಸಾದಲ್ಲೋ ಗ್ರೀನ್ ಕಾರ್ಡಿನಲ್ಲೋ ಇದ್ದಾಗ ಲೈಸೆನ್ಸ್ ಮಾಡಿಸಿದವನು ಅವತ್ತು ಪ್ರಜೆಯಲ್ಲ, ದಾಖಲೆಯಲ್ಲಿ ಹಾಗೇ ಬರೆದಿರುತ್ತದೆ. ಆಗ ಗ್ರೀನ್ ಕಾರ್ಡಿನವರ ಲೈಸೆನ್ಸಿಗೆ ಆರು ವರ್ಷದವರೆಗೂ ಆಯುಸ್ಸು. ನಡುವೆ ಪ್ರಜೆಯಾಗಿ, ನ್ಯಾಯವಾಗಿಯೇ ಹೆಸರು ನೋಂದಾಯಿಸಿ ಮತ ಹಾಕಿದರೂ ಡಿಪಿಎಸ್‌ನ ಕಂಪ್ಯೂಟರಿಗೆ ಅವನು ಪರದೇಶಿಯೇ. ಕೆಲವೇ ದಿನಗಳಲ್ಲಿ ಸುಮಾರು 25,000 ಹೆಸರು ತಪ್ಪೆಂದು ರಾಜ್ಯವೇ ಕೌಂಟಿಗಳಿಗೆ ತಿಳಿಸಬೇಕಾಯಿತು. ಮೊಕದ್ದಮೆಯಾಗಿ ಏಪ್ರಿಲಿನಲ್ಲಿ ರಾಜಿಯಾಯಿತು, ಸೆನೆಟ್ ಒಪ್ಪಿಗೆ ಸಿಗದೆ ಆ ಅಧಿಕಾರಿ ಮೇ ತಿಂಗಳಲ್ಲಿ ಹುದ್ದೆ ಬಿಟ್ಟರು. ನೀನೂ ಹಾಗೇ ಎಚ್-1ಬಿಯಲ್ಲಿ ಲೈಸೆನ್ಸ್ ಮಾಡಿಸಿದವನೇ.

ಆದ್ದರಿಂದ ಮೊದಲ ಕೆಲಸ: ನ್ಯಾಚುರಲೈಸೇಷನ್ ಸರ್ಟಿಫಿಕೇಟಿನ ಮೂಲಪ್ರತಿ ಹಿಡಿದುಕೊಂಡು ಡಿಪಿಎಸ್ ಕಚೇರಿಗೆ ಹೋಗಿ ದಾಖಲೆ ತಿದ್ದಿಸು. ಸೋಷಿಯಲ್ ಸೆಕ್ಯುರಿಟಿ ಕಚೇರಿಯಲ್ಲೂ ಪೌರತ್ವ ಬದಲಾಗಿದೆಯೇ ವಿಚಾರಿಸು. ಆಮೇಲೆ ಮತದಾರರ ಅರ್ಜಿ. ಲೈಸೆನ್ಸ್ ನವೀಕರಣದ ಜೊತೆಗೆ ಮಾಡುವುದನ್ನು ಬಿಟ್ಟರೆ, ಟೆಕ್ಸಾಸಿನಲ್ಲಿ ಹೊಸಬರು ಆನ್‌ಲೈನ್‌ನಲ್ಲಿ ನೋಂದಾಯಿಸಿಕೊಳ್ಳುವಂತಿಲ್ಲ. ವೆಬ್‌ಸೈಟಿನಲ್ಲಿ ತುಂಬಿದರೂ ಪ್ರಿಂಟ್ ತೆಗೆದು, ಪೆನ್ನಿನಲ್ಲಿ ಸಹಿ ಹಾಕಿ ಅಂಚೆಗೆ ಹಾಕಬೇಕು. ‘ಸಬ್ಮಿಟ್’ ಒತ್ತಿದೆ, ಮುಗಿಯಿತು ಅಂದುಕೊಂಡು ಕೂತವರ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ. ನವೆಂಬರ್ 3ರ ಚುನಾವಣೆಗೆ ಕೊನೆಯ ದಿನ ಅಕ್ಟೋಬರ್ 5. ಅಷ್ಟರವರೆಗೆ ಎಳೆಯಬೇಡ, ಆಗಸ್ಟಿನಲ್ಲೇ ಮುಗಿಸು, ಏನಾದರೂ ತಪ್ಪಿದ್ದರೆ ತಿದ್ದಲು ಸಮಯವಿರುತ್ತದೆ.

ಹೆಸರಿನ ವಿಷಯ ನಮ್ಮವರಿಗೆ ದೊಡ್ಡ ತಲೆನೋವು. ‘ಎಚ್. ಎನ್.’ ಎಂಬ ಇನಿಷಿಯಲ್ ಬಿಡಿಸಿದಾಗ ಒಂದು ಕಡೆ ಊರ ಹೆಸರು ಮೊದಲು, ಇನ್ನೊಂದು ಕಡೆ ಅಪ್ಪನ ಹೆಸರೇ ಸರ್‌ನೇಮ್. ಸರ್ಟಿಫಿಕೇಟು, ಲೈಸೆನ್ಸು, ಮತದಾರರ ಅರ್ಜಿ ಮೂರರಲ್ಲೂ ಒಂದೇ ಕ್ರಮ, ಒಂದೇ ಕಾಗುಣಿತ ಇರಲಿ. ಸ್ವಲ್ಪ ಹೆಚ್ಚುಕಡಿಮೆಯಿದ್ದರೆ ಮತಗಟ್ಟೆಯಲ್ಲಿ ‘ಅದೇ ವ್ಯಕ್ತಿ’ ಎಂದು ಸಹಿ ಹಾಕಿಸಿಕೊಂಡು ಬಿಡುತ್ತಾರೆ, ಪೂರಾ ಬೇರೆಯಿದ್ದರೆ ತೊಡಕು. ಗುರುತಿಗೆ ಟೆಕ್ಸಾಸ್ ಲೈಸೆನ್ಸ್, ಅಮೆರಿಕದ ಪಾಸ್‌ಪೋರ್ಟ್, ಫೋಟೊ ಇರುವ ಪೌರತ್ವದ ಸರ್ಟಿಫಿಕೇಟ್ ನಡೆಯುತ್ತವೆ. ಆಫೀಸಿನ ಬ್ಯಾಡ್ಜು, ಕಾಲೇಜಿನ ಕಾರ್ಡು ನಡೆಯುವುದಿಲ್ಲ.

ನೀನಿರುವ ಫ್ರಿಸ್ಕೊ ಊರು ಕಾಲಿನ್, ಡೆಂಟನ್ ಎರಡು ಕೌಂಟಿಗಳಲ್ಲಿ ಹಂಚಿಹೋಗಿದೆ. ಈಗಿನ ಅಪಾರ್ಟ್‌ಮೆಂಟಿನಿಂದ ಹೊಸ ಮನೆಗೆ ಹೋದಾಗ ಊರು ಅದೇ ಇದ್ದರೂ ಕೌಂಟಿ ಬದಲಾದರೆ ಮತ್ತೆ ಅರ್ಜಿ ಹಾಕಬೇಕು. ಕೌಂಟಿಯವರು ಕಳಿಸಿದ ಮತದಾರರ ಕಾರ್ಡು ವಿಳಾಸದಲ್ಲಿ ಯಾರೂ ಇಲ್ಲವೆಂದು ವಾಪಸು ಹೋದರೆ ನಿನ್ನ ಹೆಸರು ‘ಸಸ್ಪೆನ್ಸ್’ ಪಟ್ಟಿಗೆ, ಅಂದರೆ ವಿಳಾಸ ಖಚಿತವಾಗದವರ ಪಟ್ಟಿಗೆ, ಬೀಳುತ್ತದೆ. ಪೌರತ್ವ ರುಜುವಾತು ಕೇಳಿ ಪತ್ರ ಬಂದರೆ ಉತ್ತರಕ್ಕೆ 30 ದಿನ. ಊರಿಗೆ ಬಂದಾಗ ಅಂಚೆ ಡಬ್ಬಿ ನೋಡುವವರಿಲ್ಲದೆ ಆ 30 ದಿನ ಕಳೆದುಹೋದರೆ ಹೆಸರು ರದ್ದಾಗುತ್ತದೆ. ಆಮೇಲೂ ದಾಖಲೆ ತೋರಿಸಿ ಮರಳಿ ಸೇರಬಹುದು, ಆದರೆ ಸುಮ್ಮನೆ ಅಲೆದಾಟ. ಡಿಸೆಂಬರಿನಲ್ಲಿ ಬರುವಾಗ ಪಕ್ಕದ ಮನೆಯವರಿಗೆ ಅಂಚೆ ನೋಡಿಕೊಳ್ಳಲು ಹೇಳಿ ಬಾ.

ಸಂಧ್ಯಾ ಇನ್ನೂ ಗ್ರೀನ್ ಕಾರ್ಡಿನಲ್ಲಿದ್ದಾಳೆ. ಲೈಸೆನ್ಸ್ ನವೀಕರಿಸಲು ಹೋದಾಗ ಕೌಂಟರಿನವರು ವೋಟರ್ ಲಿಸ್ಟಿಗೆ ಸೇರುತ್ತೀರಾ ಎಂದು ಕೇಳಿದರೆ ‘ಇಲ್ಲ’ ಅನ್ನಲೇಬೇಕು. ಅಭ್ಯಾಸಬಲದಿಂದ ‘ಹೌದು’ ಗುರುತು ಹಾಕಿ ಸಹಿ ಮಾಡಿದರೆ ಮುಂದೆ ಪೌರತ್ವಕ್ಕೂ, ಅಲ್ಲಿರುವುದಕ್ಕೂ ಕುತ್ತು. ನಿನ್ನ ಕಡೆಯಿಂದ ಇನ್ನೊಂದು: ಭಾರತದ ಪೌರತ್ವ ಬಿಟ್ಟ ಮೇಲೆ ಇಲ್ಲಿನ ಪಟ್ಟಿಯಲ್ಲಿ ನಿನ್ನ ಹೆಸರಿರಬಾರದು, ಫಾರ್ಮ್ 7 ಕೊಟ್ಟು ತೆಗೆಸಬೇಕು.

ನಿಮ್ಮ ಕನ್ನಡ ಸಂಘದ ಹಿರಿಯರಲ್ಲಿ 65 ತುಂಬಿದ ಪ್ರಜೆಗಳು ಅಂಚೆಯಲ್ಲಿ ಮತ ಹಾಕಬಹುದು. ಆದರೆ 2021ರ ಕಾನೂನಿನಂತೆ ಅರ್ಜಿಯ ಮೇಲೂ ಲಕೋಟೆಯ ಮೇಲೂ ಲೈಸೆನ್ಸ್ ನಂಬರ್ ಅಥವಾ ಸೋಷಿಯಲ್ ಸೆಕ್ಯುರಿಟಿಯ ಕೊನೆಯ ನಾಲ್ಕು ಅಂಕೆ ಬರೆಯಬೇಕು. ಲಕೋಟೆಯಲ್ಲಿ ಆ ಜಾಗ ಇರುವುದು ಮುಚ್ಚಳದ ಕೆಳಗೆ, ಕಣ್ಣಿಗೇ ಬೀಳುವುದಿಲ್ಲ. 2022ರ ಮಾರ್ಚಿನ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಗಳನ್ನು ಆರಿಸುವ ಚುನಾವಣೆ) ಹೀಗೆ ಬಂದ ಅಂಚೆ ಮತಗಳಲ್ಲಿ ಶೇ 12ರಷ್ಟು ತಿರಸ್ಕೃತವಾದವು. ಎಷ್ಟೋ ಜನ ಆ ಜಾಗವನ್ನು ಖಾಲಿ ಬಿಟ್ಟಿದ್ದರು. ಇನ್ನು ಕೆಲವರು ಬರೆದದ್ದು ಲೈಸೆನ್ಸ್ ನಂಬರು, ದಶಕಗಳ ಹಿಂದಿನ ನೋಂದಣಿಯಲ್ಲಿದ್ದದ್ದು ಸೋಷಿಯಲ್ ಸೆಕ್ಯುರಿಟಿಯದು. ಎರಡನ್ನೂ ಬರೆಯಲು ಅವರಿಗೆ ನೀನು ಕೂತು ಹೇಳಿಕೊಡು.

ಯಾರಿಗೆ ಮತ ಹಾಕಬೇಕೆಂದು ನಾನು ಹೇಳುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಇವು: ಸೆಕ್ರೆಟರಿ ಆಫ್ ಸ್ಟೇಟ್ ಆಗಿ ಎಂಥವರನ್ನು ತರುತ್ತೀರಿ, ಮತದಾರರ ಪಟ್ಟಿ ಶುದ್ಧಿ ಮಾಡುವಾಗ ಹೊಸ ಪ್ರಜೆಗಳ ಹೆಸರು ಹೋಗದಂತೆ ಏನು ಮಾಡುತ್ತೀರಿ, ನಿಮ್ಮ ಪಕ್ಷ ಸೋತ ಫಲಿತಾಂಶಕ್ಕೂ ಸಹಿ ಹಾಕುತ್ತೀರಾ. ಗವರ್ನರ್ ಒಬ್ಬರನ್ನು ಆರಿಸಿ ಕೈತೊಳೆದುಕೊಳ್ಳಲೂ ಬೇಡ. ನಾರ್ತ್ ಕೆರೊಲಿನಾದಲ್ಲಿ 2023ರಲ್ಲಿ ಗವರ್ನರ್ ರಾಯ್ ಕೂಪರ್ ಚುನಾವಣಾ ಮಸೂದೆಗೆ ವೀಟೋ ಹಾಕಿದರು. ಐದನೇ ಮೂರು ಭಾಗ ಕೈಯಲ್ಲಿದ್ದ ಶಾಸಕಾಂಗ ಅದನ್ನು ಮುರಿದು, ಅಂಚೆ ಮತ ತಲುಪಲು ಇದ್ದ ಮೂರು ದಿನದ ಹೆಚ್ಚುವರಿ ಸಮಯ ತೆಗೆದುಹಾಕಿತು. ಬ್ಯಾಲಟ್‌ನ ಕೆಳಗಿನ ಸಾಲುಗಳಲ್ಲಿ ನಿನ್ನ ಶಾಸಕರ ಹೆಸರೂ ಇರುತ್ತದೆ. ಮತಯಂತ್ರದಿಂದ 100 ಅಡಿಯೊಳಗೆ ಫೋನು ತೆಗೆಯುವಂತಿಲ್ಲ, ಆದ್ದರಿಂದ ಹೆಸರುಗಳನ್ನು ಹಿಂದಿನ ದಿನವೇ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ಹೋಗು.

ಮತದಾರರ ಕಾರ್ಡು ಬಂದ ದಿನ ಹೆಸರು, ಹುಟ್ಟಿದ ವರ್ಷ, ವಿಳಾಸ ಮೂರನ್ನೂ ಅಕ್ಷರ ಅಕ್ಷರ ತಾಳೆ ನೋಡಿ ನನಗೊಂದು ಸಾಲು ಬರೆ. ಸಂಧ್ಯಾಳಿಗೂ ಮಗುವಿಗೂ ನನ್ನ ಆಶೀರ್ವಾದ ತಿಳಿಸು.

ಇಂತಿ ನಿನ್ನ
ದೊಡ್ಡಮ್ಮ