ಗಾಳದ ದೋಣಿಗೂ ತಪಾಸಣೆ ಬೇಕು

ಮಾನ್ಯ ಸಂಪಾದಕರೇ,

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧ ಮುಗಿದು, ಮಳೆ ತಗ್ಗಿ ಕಡಲು ಶಾಂತವಾದ ಮೇಲೆ, ಹುಬ್ಬಳ್ಳಿಯಿಂದ ಅರಬೈಲ್ ಘಟ್ಟವಿಳಿದು ಕಾರವಾರದ ಕಡೆಗೆ ಗಾಳ ಹಾಕಲು ಹೋಗುವ ಗುಂಪುಗಳಲ್ಲಿ ನಮ್ಮದೂ ಒಂದು. ಕಳೆದ ನವೆಂಬರಿನಲ್ಲಿ ನಾವು ಬಾಡಿಗೆಗೆ ಹಿಡಿದ ದೋಣಿಯಲ್ಲಿ ಎಂಟು ಜನರಿಗೆ ಮೂರೇ ಲೈಫ್ ಜಾಕೆಟ್‌ಗಳಿದ್ದವು. ಒಂದರ ಪಟ್ಟಿ ಕಿತ್ತುಹೋಗಿ, ಅದನ್ನು ಬಲೆಯ ದಾರದಿಂದ ಬಿಗಿದಿದ್ದರು. ಇಸವಣ ಮೀನು ಸಿಕ್ಕೀತೆಂಬ ಆಸೆಯಲ್ಲಿ ನಾವೂ ಬಾಯಿಬಿಡದೆ ಹತ್ತಿದೆವು, ಅದು ನಮ್ಮದೇ ತಪ್ಪು. ಆದರೆ ಕೆರೆಯ ದಂಡೆಯಲ್ಲಿ ಗಾಳ ಹಿಡಿದು ಕಲಿತವರಿಗೆ ಕಡಲಿನ ಅಂದಾಜು ಎಲ್ಲಿಂದ ಬರಬೇಕು? ಇಂತಹ ದೋಣಿಗಳು ಹೊರಡುವ ಮುನ್ನ ತಲೆಗೊಂದು ಜಾಕೆಟ್ ಇದೆಯೇ, ಹವಾಮಾನ ಇಲಾಖೆಯ ಎಚ್ಚರಿಕೆಯನ್ನು ಗಮನಿಸಲಾಗಿದೆಯೇ ಎಂಬುದನ್ನು ದೋಣಿ ನಿಲ್ಲುವ ಧಕ್ಕೆಯಲ್ಲಿಯೇ ಪರಿಶೀಲಿಸಿ, ಹೋಗುವವರ ಹೆಸರು ಬರೆದಿಟ್ಟುಕೊಳ್ಳುವ ವ್ಯವಸ್ಥೆಯನ್ನು ಸಂಬಂಧಪಟ್ಟ ಇಲಾಖೆಗಳು ಮಾಡಬೇಕು.

– ಓದುಗ, ವಿದ್ಯಾನಗರ, ಹುಬ್ಬಳ್ಳಿ