ಇಳಿಯದೆ ಮರಳಿದ ವಿಮಾನದ ಸುದ್ದಿ

ಸಂಪಾದಕರಿಗೆ,

ಮಾನ್ಯರೆ,

ಮಳೆಗಾಲದಲ್ಲಿ ಹುಬ್ಬಳ್ಳಿಗೆ ಬಂದ ವಿಮಾನ ಮೋಡದಿಂದಾಗಿ ಇಳಿಯದೆ ಬೇರೆ ಊರಿಗೆ ಹೋದಾಗ ‘ಸ್ವಲ್ಪದರಲ್ಲೇ ತಪ್ಪಿದ ಅವಘಡ’ ಎಂಬಂಥ ತಲೆಬರಹ ಕಾಣಿಸುತ್ತದೆ. ಐಎಲ್‌ಎಸ್ (ರೇಡಿಯೊ ಸಂಕೇತಗಳಿಂದ ವಿಮಾನಕ್ಕೆ ಇಳಿಯುವ ದಾರಿ ತೋರಿಸುವ ವ್ಯವಸ್ಥೆ) ಇದ್ದರೆ ಮೋಡದಲ್ಲೂ ಇಳಿಯಬೇಕಲ್ಲವೇ ಎಂದು, ಗೋಕುಲ ರಸ್ತೆಯ ನಿಲ್ದಾಣದಲ್ಲಿ ತಮ್ಮವರಿಗಾಗಿ ಕಾದು ನಿಂತವರು ಸಿಬ್ಬಂದಿಯನ್ನು ತರಾಟೆಗೆ ತೆಗೆದುಕೊಳ್ಳುವುದನ್ನೂ ಕಂಡಿದ್ದೇನೆ. ಆ ವ್ಯವಸ್ಥೆ ಪೈಲಟ್‌ನನ್ನು ಎಲ್ಲಿಯವರೆಗೆ ಕರೆತರುತ್ತದೆ ಎಂಬುದು ತಿಳಿಯದೆ ಇರುವುದೇ ಎರಡಕ್ಕೂ ಕಾರಣ.

ರನ್‌ವೇಯ ಆಚೆ ತುದಿಯಲ್ಲಿರುವ ಲೋಕಲೈಜರ್ ಎಂಬ ಆಂಟೆನಾ, ಇಳಿಯಲು ಬರುವ ವಿಮಾನದ ಎಡಕ್ಕೆ 90 ಹರ್ಟ್ಜ್‌ನ ಮತ್ತು ಬಲಕ್ಕೆ 150 ಹರ್ಟ್ಜ್‌ನ ಸಂಕೇತವನ್ನು ಪ್ರಬಲವಾಗಿ ಕಳಿಸುತ್ತದೆ. ಎರಡೂ ಸಮನಾದಲ್ಲಿ ರನ್‌ವೇಯ ನಡುಗೆರೆ. ಗ್ಲೈಡ್ ಪಾತ್ ಆಂಟೆನಾ ಇದೇ ಕ್ರಮದಲ್ಲಿ ಸಾಮಾನ್ಯವಾಗಿ 3 ಡಿಗ್ರಿಯ ಇಳಿಜಾರನ್ನು ತೋರಿಸುತ್ತದೆ. ಕಿಟಕಿಯಾಚೆ ಬರೀ ಬೆಳ್ಳಗೆ ಕಂಡರೂ, ಪೈಲಟ್‌ನ ಎದುರಿನ ಎರಡು ಸೂಚಕಗಳು ಮಧ್ಯದಲ್ಲೇ ನಿಂತಿದ್ದರೆ ವಿಮಾನ ಸರಿಯಾದ ದಾರಿಯಲ್ಲಿದೆ. ಆದರೆ ಐಎಲ್‌ಎಸ್‌ನ ಮೊದಲ ದರ್ಜೆಯಾದ ಕೆಟಗರಿ-1 ವ್ಯವಸ್ಥೆಯಲ್ಲಿ ಇದನ್ನಷ್ಟೇ ನಂಬಿ 200 ಅಡಿಗಿಂತ ಕೆಳಗೆ ಬರುವಂತಿಲ್ಲ. ಆ ಎತ್ತರದಲ್ಲಿ ರನ್‌ವೇಯಾಗಲಿ ಅದರ ದೀಪಗಳಾಗಲಿ ಕಣ್ಣಿಗೆ ಬೀಳದಿದ್ದರೆ ತಕ್ಷಣ ಎಂಜಿನ್‌ಗಳಿಗೆ ಬಲ ಕೊಟ್ಟು ಮೇಲೇರಲೇಬೇಕು. ಅಲ್ಲಿಂದ ನೆಲ ಮುಟ್ಟಲು ಜೆಟ್ ವಿಮಾನಕ್ಕೆ ಹಿಡಿಯುವುದು ಸುಮಾರು 15 ಸೆಕೆಂಡು. ಇನ್ನಷ್ಟು ಇಳಿದು ನೋಡೋಣ ಎನ್ನುವುದಕ್ಕೆ ಅದರಲ್ಲಿ ಜಾಗವಿಲ್ಲ.

2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಕಳೆದುಕೊಂಡೆವು. ಅಂದು ಮೋಡದ ಕಾಟವೂ ಇರಲಿಲ್ಲ. ವಿಮಾನ ಇಳಿಜಾರಿನ ರೇಖೆಗಿಂತ ಬಹಳ ಮೇಲಿದ್ದುದರಿಂದ ಸಹ ಪೈಲಟ್ ಮತ್ತೆ ಮೇಲೇರುವಂತೆ ಹೇಳಿದ್ದರೂ ಕ್ಯಾಪ್ಟನ್ ಇಳಿಸಲು ಮುಂದಾದರು ಎಂಬುದು ತನಿಖೆಯಲ್ಲಿ ದಾಖಲಾಗಿದೆ. ನಮ್ಮದೇ ರಾಜ್ಯದಲ್ಲಿ ಇಂಥದ್ದು ನಡೆದಿರುವಾಗ, ಮರಳಿ ಮೇಲೇರಿದ ಪೈಲಟ್‌ನ ಮೇಲೆ ಸಂಶಯ ಬರುವಂತೆ ಬರೆಯುವುದು ನನಗೆ ಬಹಳ ನೋವಿನ ಸಂಗತಿ.

ಬೇರೆ ಊರಿನಲ್ಲಿ ಇಳಿಸಿದ ಮೇಲೆ ಪ್ರಯಾಣಿಕರಿಗೆ ಊಟವನ್ನಾಗಲಿ ಮಾಹಿತಿಯನ್ನಾಗಲಿ ಕೊಡದೆ ತಾಸುಗಟ್ಟಲೆ ಕೂಡಿಸಿದರೆ ಆ ತಕರಾರು ನ್ಯಾಯವಾದದ್ದು. ಅದನ್ನು ದಯವಿಟ್ಟು ಗಟ್ಟಿಯಾಗಿ ಬರೆಯಿರಿ. ಇಳಿಯದೆ ಹೋದದ್ದನ್ನು ವರದಿ ಮಾಡುವಾಗ ಮಾತ್ರ ಆ ಹೊತ್ತಿನ ಮೋಡದ ಎತ್ತರ ಮತ್ತು ಗೋಚರತೆ ಎಷ್ಟಿತ್ತೆಂದು ನಿಲ್ದಾಣದ ಅಧಿಕಾರಿಗಳಿಂದ ಕೇಳಿ ತಿಳಿದು, ‘ಗೋಚರತೆ ಸಾಲದೆ ಬೇರೆಡೆ ಇಳಿದ ವಿಮಾನ’ ಎಂದಷ್ಟೇ ತಲೆಬರಹ ಕೊಡಬೇಕೆಂದು ವಿನಂತಿಸುತ್ತೇನೆ.

– ಓದುಗ, ವಿದ್ಯಾನಗರ, ಹುಬ್ಬಳ್ಳಿ